ತಾಯಿ ಕಾರ್ಡು ಇಲ್ಲದ ಹೆಣ್ಣು

ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆಯನ್ನು ಓದಿದವರಿಗೂ, ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ಮಾಡಿದ 'ಹಸೀನಾ' ಚಿತ್ರವನ್ನು ನೋಡಿದವರಿಗೂ ಹೆಚ್ಚಾಗಿ ನೆನಪಿರುವುದು ಮಸೀದಿಯ ಅಂಗಳದಲ್ಲಿ ನ್ಯಾಯಕ್ಕಾಗಿ ಕುಳಿತ ಆ ತಾಯಿ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟವಳು, ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುತವಲ್ಲಿಯ ತೀರ್ಪಿಗೆ ಕಾದವಳು. ಆದರೆ ಕತೆಯಲ್ಲಿ ಇನ್ನೊಬ್ಬ ಹೆಣ್ಣಿದ್ದಾಳೆ. ಅವಳು ಅದೇ ಮುತವಲ್ಲಿಯ ಹೆಂಡತಿ. ಹೆರಿಗೆಯ ಮೇಲೆ ಹೆರಿಗೆಯಾಗಿ ಬಸವಳಿದವಳು. ಮಕ್ಕಳು ಸಾಕು, ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದರೆ ಗಂಡ ಒಪ್ಪುವುದಿಲ್ಲ. ಕತೆಯ ಕೊನೆಗೆ ಅವಳು ಅವನ ಅಪ್ಪಣೆಗೆ ಕಾಯದೆ ಆಸ್ಪತ್ರೆಗೆ ಹೊರಟು ನಿಲ್ಲುತ್ತಾಳೆ.

ಈ ಹೊರಡುವಿಕೆಯನ್ನು ಪ್ರತಿಭಟನೆ ಎಂದು ಓದುವುದು ಸರಿ. ಸಾರಾ ಅಬೂಬಕ್ಕರ್ ಅವರಿಂದ ಬಾನು ಅವರವರೆಗೆ ನಮ್ಮ ಲೇಖಕಿಯರು ಹೆಣ್ಣಿನ ದೇಹದ ಮೇಲೆ ಮನೆಯೂ ಮಸೀದಿ ಕಮಿಟಿಯೂ ನಡೆಸುವ ಯಜಮಾನಿಕೆಯನ್ನು ಬಯಲಿಗೆಳೆದ ಬಗೆ ಕನ್ನಡಕ್ಕೆ ಹೊಸದಾಗಿತ್ತು. ಆದರೆ ಕತೆ ನಿಲ್ಲುವುದು ಮನೆಯ ಹೊಸಿಲಲ್ಲಿ. ಆಸ್ಪತ್ರೆ ಅಲ್ಲಿ ಬಿಡುಗಡೆಯ ಇನ್ನೊಂದು ಹೆಸರು. ಅದಕ್ಕೆ ಬಾಗಿಲಿಲ್ಲ, ಕಿಟಕಿಯಿಲ್ಲ, ಕಿಟಕಿಯ ಹಿಂದೆ ಕುಳಿತು ಪ್ರಶ್ನೆ ಕೇಳುವ ಗುಮಾಸ್ತನಿಲ್ಲ. ಸಣ್ಣ ಊರಿನ ಮುತವಲ್ಲಿಯ ಹೆಂಡತಿಗೆ ಆ ಬಾಗಿಲು ತೆರೆದಿರಬಹುದು. ಅವಳ ಊರು ಅದು, ಅವಳ ಭಾಷೆ ಅದು, ಅವಳು ಯಾರ ಮನೆಯವಳೆಂದು ನರ್ಸಮ್ಮನಿಗೂ ಗೊತ್ತು. ಅದೇ ಹೆಣ್ಣು ಯಾರಿಗೂ ಗೊತ್ತಿಲ್ಲದ ಮಹಾನಗರದಲ್ಲಿ ಅದೇ ನಿರ್ಧಾರ ಮಾಡಿ ಹೊರಟರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಬೆಂಗಳೂರಿನ ಪೂರ್ವದ ತುದಿಯಲ್ಲಿರುವ ದೊಡ್ಡನೆಕ್ಕುಂದಿಯಲ್ಲಿ ನಿಂತು ಕೇಳಬೇಕೆಂದು ನಮಗೆ ಅನಿಸುತ್ತದೆ.

ದೊಡ್ಡನೆಕ್ಕುಂದಿ ಒಂದು ಕಾಲಕ್ಕೆ ಕೆರೆಯ ಬದಿಯ ಹಳ್ಳಿ. ಕೈಗಾರಿಕಾ ಪ್ರದೇಶ ಬಂತು, ಹೊರ ವರ್ತುಲ ರಸ್ತೆ ಬಂತು, ಮಾಹಿತಿ ತಂತ್ರಜ್ಞಾನದ ಗಾಜಿನ ಕಟ್ಟಡಗಳು ಬಂದವು. ಮಹದೇವಪುರ ನಗರಸಭೆಯ ಪ್ರದೇಶ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದಾಗಿ ಒಡೆದಾಗ ಬೆಂಗಳೂರು ಪೂರ್ವ ನಗರ ಪಾಲಿಕೆಯ ಪಾಲಾಯಿತು. ಆಡಳಿತದ ಬೋರ್ಡು ಮೂರು ಸಲ ಬದಲಾಯಿತು. ಈ ನಡುವೆ ಇಲ್ಲಿಗೆ ಬಂದು ನೆಲೆಸಿದವರ ಲೆಕ್ಕ ಯಾವ ಬೋರ್ಡಿನಲ್ಲೂ ಪೂರ್ತಿ ಸಿಗುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಶೆಡ್ಡುಗಳಲ್ಲಿದ್ದಾರೆ. ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದ ಹೆಂಗಸರು ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುತ್ತಾರೆ, ಅವರ ಗಂಡಂದಿರು ಕಸ ಆಯುತ್ತಾರೆ, ಕಾವಲು ಕಾಯುತ್ತಾರೆ. ಪಿ.ಜಿ.ಗಳ ತುಂಬ ದೇಶದ ಮೂಲೆಮೂಲೆಯಿಂದ ಬಂದ ಹುಡುಗಿಯರು. ಇವರಿಗೆಲ್ಲ ಬೆಂಗಳೂರು ಪರದೇಶವೇ. ಪಾಸ್‌ಪೋರ್ಟು ಬೇಕಿಲ್ಲ ಎಂಬುದಷ್ಟೇ ವ್ಯತ್ಯಾಸ. ಕನ್ನಡದವಳೇ ಆದ ದೇವದುರ್ಗದ ಹೆಂಗಸಿಗೂ ಇಲ್ಲಿನ ಆಸ್ಪತ್ರೆಯ ಕನ್ನಡ ಪೂರ್ತಿ ಅರ್ಥವಾಗುವುದಿಲ್ಲ, ಅವಳ ಕನ್ನಡ ಕೇಳಿದವರು ನಗುತ್ತಾರೆ.

ಇಂಥ ನಗರದಲ್ಲಿ ಹೆಣ್ಣಿನ ಆರೋಗ್ಯಕ್ಕೆ ಕಾಗದದ ಮೇಲೆ ಕೊರತೆಯಿಲ್ಲ. ಮೊದಲು ಅದನ್ನೇ ನ್ಯಾಯವಾಗಿ ಹೇಳಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಗೆ ಬಂದ ಯಾವ ಗರ್ಭಿಣಿಯಿಂದಲೂ ಹೆರಿಗೆಗೆ, ಸಿಸೇರಿಯನ್‌ಗೆ, ಔಷಧಿಗೆ, ರಕ್ತಕ್ಕೆ, ಊಟಕ್ಕೆ ಹಣ ಕೇಳುವಂತಿಲ್ಲ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ವಿಶೇಷ ತಪಾಸಣೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್. ವಂಕಿ, ಮೂರು ತಿಂಗಳಿಗೊಮ್ಮೆ ಹಾಕಿಸುವ 'ಅಂತರ' ಚುಚ್ಚುಮದ್ದು, ವಾರಕ್ಕೊಂದು ನುಂಗುವ 'ಛಾಯಾ' ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಬೆಂಗಳೂರಿನ ವಾರ್ಡುಗಳಲ್ಲಿ ನಮ್ಮ ಕ್ಲಿನಿಕ್‌ಗಳು ತೆರೆದಿವೆ. 2004-06ರ ಹೊತ್ತಿಗೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿದಿತ್ತು. ಇದರ ಹಿಂದೆ ಆಶಾ ಕಾರ್ಯಕರ್ತೆಯರ, ದಾದಿಯರ, ಸರ್ಕಾರಿ ವೈದ್ಯರ ದುಡಿಮೆಯಿದೆ. ಸರ್ಕಾರ ಏನೂ ಮಾಡಿಲ್ಲ ಎಂಬ ಸುಲಭದ ಟೀಕೆ ನಮ್ಮದಲ್ಲ.

ನಮ್ಮ ಟೀಕೆ ಬೇರೆ. ಇಷ್ಟೆಲ್ಲ ಸೇವೆ ಇರುವ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಯಾವುದು ಎಂಬುದು ನಮ್ಮ ವಿಷಯ. ಏನಮ್ಮ, ಏನಾಗಿದೆ ಎಂದು ಕೇಳುವ ಮೊದಲು ಕಾರ್ಡು ಎಲ್ಲಿ, ಗಂಡ ಎಲ್ಲಿ, ಯಾವೂರು ಎಂದು ಕೇಳಿದರೆ ಆ ಸೇವೆ ಯಾರದಾಯಿತು?

2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ನಡೆದದ್ದನ್ನು ನಾಡು ಮರೆತಿರಲಾರದು. ತಮಿಳುನಾಡಿನಿಂದ ಬಂದು ಅಲ್ಲಿ ನೆಲೆಸಿದ್ದ ಬಡ ಗರ್ಭಿಣಿಯೊಬ್ಬಳು ಹೆರಿಗೆ ನೋವಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋದಳು. ಆಧಾರ್ ಇಲ್ಲ, ತಾಯಿ ಕಾರ್ಡು ಇಲ್ಲ ಎಂದು ದಾಖಲು ಮಾಡಿಕೊಳ್ಳಲಿಲ್ಲ ಎಂಬುದು ಅಂದು ಬಂದ ಆರೋಪ. ಮನೆಗೆ ಮರಳಿದ ಅವಳೂ ಅವಳಿ ಕೂಸುಗಳೂ ತೀರಿಹೋದರು. ವೈದ್ಯೆಯನ್ನೂ ದಾದಿಯರನ್ನೂ ಅಮಾನತು ಮಾಡಲಾಯಿತು. ತುರ್ತಿನಲ್ಲಿ ಬಂದವರನ್ನು ದಾಖಲೆ ಇಲ್ಲವೆಂದು ವಾಪಸು ಕಳಿಸಬಾರದೆಂದು ಸರ್ಕಾರ ಸೂಚನೆ ಹೊರಡಿಸಿತು. ಆದರೆ ಯಾವ ಕಾನೂನೂ ಕೇಳದ ಕಾರ್ಡನ್ನು ಬಾಗಿಲು ಕೇಳುತ್ತದೆ ಎಂಬ ಸಂಗತಿ ಹೊರಬರಲು ಮೂರು ಜೀವ ಬೇಕಾಯಿತು. ಸುತ್ತೋಲೆ ಆಸ್ಪತ್ರೆಯ ಕಡತದಲ್ಲಿರುತ್ತದೆ. ಕಾರ್ಡು ಕೇಳುವ ರೂಢಿ ಕಿಟಕಿಯಲ್ಲಿರುತ್ತದೆ.

ತಾಯಿ ಕಾರ್ಡು ಕೆಟ್ಟ ವಸ್ತುವಲ್ಲ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಹಿಂದಿನ ಹೆರಿಗೆಯ ತೊಡಕು, ಚುಚ್ಚುಮದ್ದಿನ ತಾರೀಕು ಎಲ್ಲವೂ ಅದರಲ್ಲಿದ್ದರೆ ರಾತ್ರಿ ಪಾಳಿಯ ವೈದ್ಯರ ಕೆಲಸ ಹಗುರ. ಅದು ಚಿಕಿತ್ಸೆಯ ಸಾಧನ. ಸಾಧನವೇ ಅರ್ಹತೆಯಾಗಿಬಿಟ್ಟರೆ ತೊಡಕು. ಅಷ್ಟಕ್ಕೂ ನಮ್ಮ ನಾಡಿನ ಹೆಣ್ಣು ಬಸುರಿಯಾದಾಗ ಒಂದೇ ವಿಳಾಸದಲ್ಲಿ ಯಾವಾಗ ಇದ್ದಳು? ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಹಿಂದೂ ಮುಸಲ್ಮಾನರೆನ್ನದೆ ಎಲ್ಲರಲ್ಲೂ ಇರುವ ವಾಡಿಕೆ. ಏಳನೆಯ ತಿಂಗಳಿಗೆ ಗಂಡನ ಮನೆ ಬಿಡುತ್ತಾಳೆ, ಬಾಣಂತನ ಮುಗಿಸಿ ಮರಳುತ್ತಾಳೆ. ಆ ತಿರುಗಾಟದ ಮೇಲೆಯೇ ನಮ್ಮ ಕುಟುಂಬ ಪದ್ಧತಿ ನಿಂತಿದೆ. ಅದನ್ನು ಕಣ್ಣೆದುರಿಗೇ ಇಟ್ಟುಕೊಂಡು ಒಂದು ವಿಳಾಸಕ್ಕೆ ಕಟ್ಟಿದ ಸೇವೆಯನ್ನು ರೂಪಿಸುವುದು ವಿಚಿತ್ರ.

ಶೆಡ್ಡಿನಲ್ಲಿರುವವಳಿಗೆ ವಿಳಾಸ ಇನ್ನೂ ದೂರದ ಮಾತು. 2020ರ ಜನವರಿಯಲ್ಲಿ ದೊಡ್ಡನೆಕ್ಕುಂದಿಯಿಂದ ಹೆಚ್ಚು ದೂರವಲ್ಲದ ಕರಿಯಮ್ಮನ ಅಗ್ರಹಾರದಲ್ಲಿ, ಇಲ್ಲಿರುವವರು ಅಕ್ರಮ ಬಾಂಗ್ಲಾದೇಶಿಗಳು ಎಂಬ ಹುಯಿಲಿನ ಬೆನ್ನಿಗೇ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಲಾಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಈಶಾನ್ಯದವರೂ ಬಂಗಾಳದವರೂ ಇದ್ದರು. ರಾಜ್ಯ ಹೈಕೋರ್ಟ್ ತೆರವಿಗೆ ತಡೆ ನೀಡಿತು. ಒಂದು ಶೆಡ್ಡು ಬಿದ್ದಾಗ ತಗಡು, ಪಾತ್ರೆಯಷ್ಟೇ ಹೋಗುವುದಿಲ್ಲ, ಟ್ರಂಕಿನಲ್ಲಿದ್ದ ಸ್ಕ್ಯಾನಿಂಗ್ ಚೀಟಿಯೂ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಧೈರ್ಯ ಹೋಗುತ್ತದೆ. ಹೆಸರು ಬರೆಸಿಕೊಳ್ಳುವ ಯಾವ ಕಿಟಕಿಯ ಬಳಿಗೂ ಹೋಗದಿರುವುದೇ ಕ್ಷೇಮ ಎಂದು ಒಂದು ಬಂಗಾಳಿ ಮುಸ್ಲಿಂ ಹೆಣ್ಣು ತೀರ್ಮಾನಿಸಿದರೆ ಅದನ್ನು ಅಜ್ಞಾನ ಎನ್ನಬೇಡಿ. ಅವಳು ನಗರವನ್ನು ಸರಿಯಾಗಿಯೇ ಓದಿಕೊಂಡಿದ್ದಾಳೆ.

ಇನ್ನು ಹೆಸರುಗಳ ವಿಷಯ. ನಮ್ಮ ಯೋಜನೆಗಳ ಹೆಸರುಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿ: ತಾಯಿ ಕಾರ್ಡು, ತಾಯಿ ಭಾಗ್ಯ, ಜನನಿ ಸುರಕ್ಷಾ, ಮಾತೃ ವಂದನಾ, ಮಡಿಲು. ಸರ್ಕಾರಕ್ಕೆ ಹೆಣ್ಣಿನ ಪರಿಚಯವಾಗುವುದು ಅವಳು ತಾಯಿಯಾಗುವಾಗ. ಮಡಿಲಿಗಿಂತ ಆಚೆಗೂ ಅವಳಿಗೊಂದು ದೇಹವಿದೆ, ಅದಕ್ಕೆ ಉರಿಯೂತ ಬರುತ್ತದೆ, ರಕ್ತಸ್ರಾವ ನಿಲ್ಲದೆ ಹೋಗುತ್ತದೆ, ಗಂಡನಿಂದ ಸೋಂಕು ತಗಲುತ್ತದೆ, ಬೇಡದ ಬಸಿರು ನಿಲ್ಲುತ್ತದೆ, ಬೇಕಾದ ಬಸಿರು ನಿಲ್ಲದೆ ಹೋಗುತ್ತದೆ. ಇವಕ್ಕೆ ಭಾಗ್ಯದ ಹೆಸರಿಲ್ಲ. ಹದಿಹರೆಯದವರಿಗೆ 'ಸ್ನೇಹ' ಕ್ಲಿನಿಕ್, ಲೈಂಗಿಕ ಸೋಂಕುಗಳಿಗೆ 'ಸುರಕ್ಷಾ' ಕ್ಲಿನಿಕ್ ಇಲ್ಲದಿಲ್ಲ. ಹೆಸರು ನೋಡಿದರೆ ಅದು ಏತಕ್ಕೆಂದು ತಿಳಿಯದ ಹಾಗೆ ಇಟ್ಟ ಹೆಸರುಗಳು ಅವು. ಮುಚ್ಚುಮರೆ ಒಂದು ಬಗೆಯ ಸೌಜನ್ಯ ಹೌದು. ಆದರೆ ಗೊತ್ತಿಲ್ಲದವಳು ಆ ಬಾಗಿಲು ಹುಡುಕುವುದಾದರೂ ಹೇಗೆ?

ಇದ್ದ ಪದಗಳೂ ಹೆದರಿಸುವಂಥವು. ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಗೆ ಕನ್ನಡದ ಸರ್ಕಾರಿ ಹೆಸರು 'ಸಂತಾನಹರಣ ಶಸ್ತ್ರಚಿಕಿತ್ಸೆ'. ಹರಣ ಎಂದರೆ ಕಸಿದುಕೊಳ್ಳುವುದು. ಸೀತಾಪಹರಣ, ವಸ್ತ್ರಾಪಹರಣ ಎಂದು ಕೇಳಿ ಬೆಳೆದ ಕಿವಿಗೆ ಈ ಮಾತು ಹೇಗೆ ಕೇಳಿಸೀತು? ತಾನಾಗಿ ಬಯಸಿ ಬಂದ ಹೆಣ್ಣಿಗೂ ಏನನ್ನೋ ಕಿತ್ತುಕೊಳ್ಳುತ್ತಾರೆ ಎನಿಸದೆ ಇರದು. ಜನ ಆ ಪದವನ್ನು ಬಿಟ್ಟು 'ಆಪರೇಷನ್' ಎಂದೇ ಕರೆದದ್ದು ಅವರ ವಿವೇಕ. ಇನ್ನೊಂದು ಕಡೆ, ಗೋಡೆ ಗೋಡೆಯ ಮೇಲೆ 'ಗುಪ್ತರೋಗ' ಎಂದು ಬರೆಸಿದ ಜಾಹೀರಾತುಗಳು. ರೋಗವನ್ನು ಗುಪ್ತವೆಂದು ಕರೆದ ಮೇಲೆ ರೋಗಿಯೂ ಗುಪ್ತವಾಗಿಯೇ ಇರಬೇಕಲ್ಲ. ಹೆಂಗಸರ ಮಾತಿನಲ್ಲಿ ಬಿಳಿ ಹೋಗುವುದು, ಹೊರಗಾಗುವುದು, ತಿಂಗಳು ತಪ್ಪುವುದು ಎಂಬ ಸರಳ ಮಾತುಗಳಿವೆ. ದಖನಿಯಲ್ಲಿ 'ಸಫೇದ್ ಪಾನಿ' ಎನ್ನುತ್ತಾರೆ. ಈ ಮಾತುಗಳನ್ನು ಚೀಟಿ ಬರೆಯುವವರು ಕಲಿತುಕೊಂಡರೆ ಅರ್ಧ ಚಿಕಿತ್ಸೆ ಆದಂತೆ. ಒಡಿಯಾ, ಬಂಗಾಳಿ ಆಡುವವಳಿಗೆ ಆ ಅನುಕೂಲವೂ ಇಲ್ಲ. ಅವಳ ಪರವಾಗಿ ಮಾತಾಡಲು ಗಂಡನೋ ಮೇಸ್ತ್ರಿಯೋ ಶಾಲೆಗೆ ಹೋಗುವ ಮಗನೋ ಬರಬೇಕು. ಮಗನ ಬಾಯಿಂದ ತಾಯಿ ತನ್ನ ರಕ್ತಸ್ರಾವದ ವಿವರ ಹೇಳಿಸಬೇಕು. ಮೇಸ್ತ್ರಿಯೇ ಅವಳ ಕಷ್ಟಕ್ಕೆ ಕಾರಣನಾಗಿದ್ದರಂತೂ ಅವಳು ಏನನ್ನೂ ಹೇಳಲಾರಳು.

ಗಂಡ ಎಲ್ಲಿ ಎಂಬ ಪ್ರಶ್ನೆಗೆ ಬರೋಣ. ಕಾನೂನು ಇದನ್ನು ಎಲ್ಲಿ ಕೇಳುತ್ತದೆ? 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ ವಯಸ್ಕ ಹೆಣ್ಣಿಗೆ ಬೇಕಾದದ್ದು ಅವಳ ಒಪ್ಪಿಗೆಯೊಂದೇ. ಗಂಡನ ಸಹಿ ಬೇಡ, ಅತ್ತೆಯ ಸಹಿ ಬೇಡ. ಅಪ್ರಾಪ್ತಳಾದರೆ ಮಾತ್ರ ಪೋಷಕರ ಒಪ್ಪಿಗೆ. 2021ರ ತಿದ್ದುಪಡಿಯ ಪ್ರಕಾರ, ಕಾಯ್ದೆ ಹೇಳುವ ಕಾರಣಗಳಿದ್ದಲ್ಲಿ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದವರಿಗೆ 24 ವಾರದವರೆಗೆ ಇಬ್ಬರದು. ಗರ್ಭನಿರೋಧಕ ವಿಫಲವಾದ ಸಂದರ್ಭದಲ್ಲಿ 'ವಿವಾಹಿತ ಮಹಿಳೆ ಅಥವಾ ಅವಳ ಗಂಡ' ಎಂದಿದ್ದ ಮಾತು ಹೋಗಿ ಯಾವುದೇ ಮಹಿಳೆ ಮತ್ತು ಸಂಗಾತಿ ಎಂದಾಯಿತು. ಅವಳ ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಹೊಣೆ. ಕುಟುಂಬ ಯೋಜನೆಯ ಆಪರೇಷನ್ನಿಗೂ ಅಷ್ಟೆ: ಮದುವೆಯಾದವಳಾಗಿರಬೇಕು, ವಯಸ್ಸು 22 ದಾಟಿರಬೇಕು, ವರ್ಷ ತುಂಬಿದ ಒಂದು ಮಗುವಾದರೂ ಇರಬೇಕು ಎಂಬ ನಿಯಮಗಳಿವೆ. ಆದರೆ ಗಂಡನ ಸಹಿ ಬೇಕೆಂಬ ನಿಯಮವಿಲ್ಲ. 'ಕರಿ ನಾಗರಗಳು' ಕತೆಯ ಆ ಹೆಣ್ಣು ಒಬ್ಬಳೇ ಹೋಗಿ ಕೇಳಬಹುದಿತ್ತು.

2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪನ್ನು ಇಲ್ಲಿ ನೆನೆಯಬೇಕು. ಕೋರ್ಟಿನ ಮೆಟ್ಟಿಲೇರಿದವಳು ಮಣಿಪುರದಿಂದ ಬಂದು ದೆಹಲಿಯಲ್ಲಿದ್ದ ಅವಿವಾಹಿತ ಹೆಣ್ಣುಮಗಳು. ದೊಡ್ಡ ಊರಿನಲ್ಲಿ ಒಬ್ಬಂಟಿ. ದೆಹಲಿ ಹೈಕೋರ್ಟು ಅವಳ ಕೋರಿಕೆಯನ್ನು ಒಪ್ಪಿರಲಿಲ್ಲ. 20ರಿಂದ 24 ವಾರದ ಅವಧಿಯಲ್ಲಿ ಮದುವೆಯಾದವಳಿಗೆ ಒಂದು, ಆಗದವಳಿಗೆ ಇನ್ನೊಂದು ನ್ಯಾಯ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಕೇಳದ ಕಾಗದಗಳನ್ನೂ ಮನೆಯವರ ಒಪ್ಪಿಗೆಯನ್ನೂ ವೈದ್ಯರು ಕೇಳಬಾರದೆಂದೂ ಸ್ಪಷ್ಟಪಡಿಸಿತು. ಈ ತೀರ್ಪನ್ನು ನೈತಿಕ ಕಾರಣಗಳಿಗಾಗಿ ಒಪ್ಪದವರು ನಮ್ಮ ಓದುಗರಲ್ಲಿ ಇದ್ದಾರು, ಮದುವೆಯ ಹೊರಗಿನ ಸಂಬಂಧದ ಬಗ್ಗೆ ಧರ್ಮದ ನಿಲುವು ಏನೆಂಬುದು ನಮಗೂ ತಿಳಿದದ್ದೇ. ಆದರೆ ಪಿ.ಜಿ.ಯ ಕೋಣೆಯಲ್ಲಿ ಹೆದರಿ ಕುಳಿತ ಹುಡುಗಿ ಆಸ್ಪತ್ರೆಗೆ ಹೋಗದೆ ಔಷಧಿ ಅಂಗಡಿಯಿಂದ ಮಾತ್ರೆ ತರಿಸಿಕೊಳ್ಳುತ್ತಾಳೆ. ಒಂಬತ್ತು ವಾರದೊಳಗೆ, ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ಎಷ್ಟು ವಾರವೆಂದು ಲೆಕ್ಕ ಹಾಕದೆ, ಗರ್ಭ ಕೊಳವೆಯಲ್ಲಿ ನಿಂತಿದೆಯೋ ಏನೋ ನೋಡದೆ ನುಂಗಿದವಳ ಜೀವ ಒಂದು ರಾತ್ರಿಯಲ್ಲಿ ಹೋಗಬಹುದು. ನೀತಿಯ ಚರ್ಚೆಗೆ ಬೇರೆ ವೇದಿಕೆಗಳಿವೆ. ರಕ್ತ ಹರಿಯುತ್ತಿರುವಾಗ ಆಸ್ಪತ್ರೆಯ ಕಿಟಕಿ ಅದಕ್ಕೆ ತಕ್ಕ ಜಾಗವಲ್ಲ.

ಮೂರನೆಯ ತಡೆ ಹೊತ್ತು ಮತ್ತು ದಾರಿ. ನಮ್ಮ ಕ್ಲಿನಿಕ್ ತೆರೆದಿರುವುದು ಬಹುತೇಕ ಹಗಲಿನಲ್ಲಿ, ಕೂಲಿಯವಳ ಕೆಲಸವೂ ಹಗಲಿನಲ್ಲಿ. ತಪಾಸಣೆಗೆ ಹೋದರೆ ಆ ದಿನದ ಸಂಬಳ ಹೋಯಿತು. ಮನೆಗೆಲಸದವಳು ಎರಡು ದಿನ ತಪ್ಪಿಸಿದರೆ ಮೂರನೆಯ ದಿನ ಇನ್ನೊಬ್ಬಳು ಬಂದಿರುತ್ತಾಳೆ. ಕ್ಲಿನಿಕ್ಕಿನಲ್ಲಿ ಹೆರಿಗೆ ಮಾಡಿಸುವುದಿಲ್ಲ. ಅದಕ್ಕೆ ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗೋ ಕೆ.ಆರ್. ಪುರಕ್ಕೋ ಶಿವಾಜಿನಗರದ ಘೋಷಾ ಆಸ್ಪತ್ರೆಗೋ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದದ್ದು ದೊಡ್ಡ ಉಪಕಾರ. ಆದರೆ ಅದಕ್ಕೂ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಸಿಂಧನೂರಿನವಳಿಗೆ ಉಚಿತ, ಪಕ್ಕದ ಸೀಟಿನ ಒಡಿಶಾದವಳಿಗೆ ಟಿಕೆಟ್ಟು. 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ಹೊರ ವರ್ತುಲ ರಸ್ತೆಯ ಕಚೇರಿಗಳಲ್ಲಿ ಚರ್ಚೆಯಾಯಿತು. ಆ ಕಚೇರಿಗಳ ಗೋಡೆ ಕಟ್ಟಿದವಳಿಗೆ ರಜೆ ಎಂಬ ಮಾತೇ ಇಲ್ಲ.

ಸರ್ಕಾರಿ ಬಾಗಿಲು ದೂರವಾದರೆ ಖಾಸಗಿ ಬಾಗಿಲು ಹತ್ತಿರವಾಗುತ್ತದೆ. ಅಲ್ಲಿ ಗಂಡನನ್ನು ಕೇಳಲಿಕ್ಕಿಲ್ಲ, ದುಡ್ಡನ್ನು ಕೇಳುತ್ತಾರೆ. ಇಲ್ಲಿ ಚಿಕಿತ್ಸೆ ಸಿಗದಿರುವುದಷ್ಟೇ ಅಪಾಯವಲ್ಲ, ಬೇಡದ ಚಿಕಿತ್ಸೆಯೂ ಅಪಾಯವೇ. ಕಲಬುರಗಿಯ ತಾಂಡಾಗಳಲ್ಲಿ ಏನಾಯಿತೆಂಬುದು 2015ರಲ್ಲಿ ಬಯಲಿಗೆ ಬಂತು. ಹೊಟ್ಟೆನೋವು, ಬಿಳಿ ಹೋಗುವುದು ಎಂದು ಬಂದ ಲಂಬಾಣಿ ಮತ್ತು ದಲಿತ ಹೆಂಗಸರಿಗೆ, ಅವರಲ್ಲಿ ಹರೆಯದವರೂ ಇದ್ದರು, ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಕೋಶ ತೆಗೆದ ಖಾಸಗಿ ಆಸ್ಪತ್ರೆಗಳ ಮೇಲೆ ಆ ಹೆಂಗಸರೇ ಬೀದಿಗಿಳಿದು ಹೋರಾಡಿದರು. ಬಡ ಹೆಂಗಸರ ಗರ್ಭಕೋಶ ಅನಗತ್ಯವಾಗಿ ತೆಗೆಯುವುದರ ಬಗ್ಗೆ 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜ್ಯಗಳಿಗೆ ನಿರ್ದೇಶನ ನೀಡಬೇಕಾಯಿತು. ಆ ಜಿಲ್ಲೆಯಿಂದ ಬೆಂಗಳೂರಿಗೆ ಬಂದವಳು ಡಾಕ್ಟರೆಂದರೆ ಹಿಂದೆ ಸರಿದರೆ ಅವಳಿಗೆ ಕಾರಣಗಳಿವೆ.

ಇಲ್ಲಿಯವರೆಗೆ ಹೇಳಿದ್ದು ನಗರದ ಬಾಗಿಲಿನ ಕತೆ. ನಮ್ಮ ಮನೆಯ ಬಾಗಿಲಿನ ಕತೆ ಹೇಳದಿದ್ದರೆ ಈ ವಿಮರ್ಶೆ ಅಪ್ರಾಮಾಣಿಕವಾಗುತ್ತದೆ. ಆಸ್ಪತ್ರೆಯ ಗುಮಾಸ್ತ ಗಂಡ ಎಲ್ಲಿ ಎಂದು ಕೇಳುವುದನ್ನು ಕಲಿತದ್ದು ಎಲ್ಲಿಂದ? ನಮ್ಮ ಪಡಸಾಲೆಗಳಿಂದಲೇ ಅಲ್ಲವೇ? ಬಾನು ಅವರ ಕತೆಯ ಮುತವಲ್ಲಿ ತನ್ನ ಹೆಂಡತಿಗೆ ಹಾಕಿದ ತಡೆಯನ್ನು ಇಸ್ಲಾಮಿನ ಹೆಸರಿನಲ್ಲಿ ಹಾಕುವವರು ಇಂದಿಗೂ ಇದ್ದಾರೆ. ಅವರು ತಮ್ಮದೇ ಪರಂಪರೆಯನ್ನು ಓದಿಕೊಂಡಿಲ್ಲ. ಗರ್ಭ ನಿಲ್ಲದಂತೆ ಎಚ್ಚರ ವಹಿಸುವ 'ಅಝ್ಲ್' ಪ್ರವಾದಿಯವರ ಸಂಗಾತಿಗಳ ಕಾಲದಲ್ಲೇ ಇತ್ತು. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ತಮ್ಮ 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಅದನ್ನು ಅನುಮತಿಸುತ್ತಾರೆ, ಹೆರಿಗೆಯಿಂದ ಹೆಂಡತಿಯ ಜೀವಕ್ಕೆ ಬರಬಹುದಾದ ಅಪಾಯವನ್ನೂ ಬಹಳ ಮಕ್ಕಳಿಂದ ಬರುವ ಸಂಕಷ್ಟವನ್ನೂ ಒಪ್ಪತಕ್ಕ ಕಾರಣಗಳೆಂದು ಎಣಿಸುತ್ತಾರೆ. ಅದಕ್ಕೆ ಹೆಂಡತಿಯ ಒಪ್ಪಿಗೆ ಬೇಕೆಂದು ಹೇಳಿದ ಫಿಕ್ಹ್ ಪಂಡಿತರು ಅನೇಕರಿದ್ದಾರೆ. ಒಪ್ಪಿಗೆ ಯಾರದ್ದು ಎಂಬುದನ್ನು ಗಮನಿಸಿ. ಶಾಶ್ವತವಾದ ಆಪರೇಷನ್ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಎನ್ನುವವರು ಬಹಳ. ಆ ಚರ್ಚೆ ನಡೆಯಲಿ. ಆದರೆ ವಂಕಿ, ಚುಚ್ಚುಮದ್ದು, ಮಾತ್ರೆಗಳೂ ಒಟ್ಟಾರೆ ಹರಾಮ್ ಎಂದು ಹೆಂಡತಿಯನ್ನು ಸುಮ್ಮನಾಗಿಸುವುದಕ್ಕೆ ಆ ಪರಂಪರೆ ಒತ್ತಾಸೆ ಕೊಡುವುದಿಲ್ಲ.

ಸಮುದಾಯದ ಹಿಂಜರಿಕೆಗೆ ಇನ್ನೊಂದು ಮೂಲವೂ ಇದೆ ಎಂಬುದನ್ನು ಹೊರಗಿನವರು ತಿಳಿಯಬೇಕು. 1975-77ರ ತುರ್ತುಪರಿಸ್ಥಿತಿಯಲ್ಲಿ ಉತ್ತರ ಭಾರತದಲ್ಲಿ ಗಂಡಸರನ್ನು ಹಿಡಿದೊಯ್ದು ನಸ್‌ಬಂದಿ ಮಾಡಿದ ನೆನಪು ಮುಸ್ಲಿಮರಲ್ಲೂ ಬಡವರಲ್ಲೂ ಇನ್ನೂ ಇದೆ. ಆ ನೆನಪಿನ ದಂಡವನ್ನು ಮಾತ್ರ ಹೆಂಗಸರು ತೆತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನಿನ ಪಾಲು ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಗಂಡಸರದು ಹೊಲಿಗೆ ಹಾಕಬೇಕಾಗಿಲ್ಲದ, ಅದೇ ದಿನ ಮನೆಗೆ ಮರಳಬಹುದಾದ ಸಣ್ಣ ಕ್ರಿಯೆ. ಇದು ಮುಸ್ಲಿಮರೊಬ್ಬರ ದೋಷವಲ್ಲ, ಇಡೀ ನಾಡಿನ ಗಂಡಸರದ್ದು. ಗಂಡ ಎಲ್ಲಿ ಎಂಬ ಪ್ರಶ್ನೆಗೆ ಅರ್ಥ ಬರುವುದಿದ್ದರೆ ಅದು ಇಲ್ಲಿ.

ಹೊರದೇಶಗಳ ಕಡೆ ನೋಡಿದರೂ ಪ್ರಶ್ನೆ ಇದೇ. ದುಬೈ, ಅಬುಧಾಬಿಯಲ್ಲಿ ಸಂಸಾರ ಹೂಡಿದ ಕರಾವಳಿಯ ಕುಟುಂಬಗಳಿಗೆ ನೆನಪಿರಬಹುದು, ಬಸುರಿಯ ಹೆಸರು ಬರೆಸಬೇಕಾದರೆ ಆಸ್ಪತ್ರೆಯಲ್ಲಿ ಮದುವೆ ಪತ್ರ ತೋರಿಸಬೇಕಿತ್ತು. ಪತ್ರ ತೋರಿಸಲಾಗದ ಮನೆಗೆಲಸದ ಹೆಣ್ಣುಮಗಳ ಪಾಡು ಏನಾಗಿರಬಹುದೆಂದು ನಾವು ಆಗ ಯೋಚಿಸಿದ್ದು ಕಡಿಮೆ. ಇಂಗ್ಲೆಂಡಿನಲ್ಲಿ ಲೈಂಗಿಕ ಸೋಂಕಿನ ಚಿಕಿತ್ಸೆ, ಗರ್ಭನಿರೋಧಕ ಸೇವೆ ಹೊರದೇಶದವರಿಗೂ ಉಚಿತ. 2012ರ ಅಕ್ಟೋಬರ್‌ನಿಂದ ಎಚ್‌ಐವಿ ಚಿಕಿತ್ಸೆಯೂ ಉಚಿತ. ಸೋಂಕು ವೀಸಾ ನೋಡಿ ಹರಡುವುದಿಲ್ಲ ಎಂಬ ಲೆಕ್ಕಾಚಾರ ಅದು. ಅದೇ ದೇಶ, ಅರ್ಹತೆಯಿಲ್ಲದ ವಲಸಿಗಳ ಹೆರಿಗೆಗೆ ದೊಡ್ಡ ಬಿಲ್ಲು ಕಳಿಸುತ್ತದೆ, ಆದರೆ ಹೆರಿಗೆಗೆ ಬಂದವಳನ್ನು ಬಿಲ್ಲಿನ ಕಾರಣಕ್ಕೆ ವಾಪಸು ಕಳಿಸಬಾರದೆಂದೂ ನಿಯಮ ಮಾಡಿದೆ. ಎಲ್ಲ ದೇಶಗಳೂ ಪರಕೀಯಳನ್ನು ಎಲ್ಲೋ ಒಂದು ಬಾಗಿಲಲ್ಲಿ ನಿಲ್ಲಿಸುತ್ತವೆ. ಯಾವ ಬಾಗಿಲಲ್ಲಿ ನಿಲ್ಲಿಸಬಾರದು ಎಂಬುದನ್ನು ನಿರ್ಧರಿಸುವುದೇ ನಾಗರಿಕತೆ.

ಈ ನಿರ್ಧಾರಕ್ಕೆ ನಮಗೆ ಹೊರಗಿನ ಮಾದರಿಯೇ ಬೇಕಾಗಿಲ್ಲ. ಶಿವಾಜಿನಗರದ ಘೋಷಾ ಆಸ್ಪತ್ರೆ ನಮ್ಮ ಕಣ್ಣೆದುರಿಗೇ ಇದೆ. ದಂಡು ಪ್ರದೇಶದ ದಾನಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರು ಹೊತ್ತ ಆಸ್ಪತ್ರೆ ಅದು. ಘೋಷಾ ಎಂದರೆ ಪರದೆ. ಪರದೆಯಲ್ಲಿದ್ದ ಹೆಂಗಸರು ಗಂಡಸರಿರುವ ಆಸ್ಪತ್ರೆಗೆ ಬರುತ್ತಿರಲಿಲ್ಲ. ಮನೆಯಲ್ಲೇ ಹೆತ್ತು ಮನೆಯಲ್ಲೇ ಸಾಯುತ್ತಿದ್ದರು. ಪರದೆ ಬಿಟ್ಟು ಬಾ, ಆಮೇಲೆ ಚಿಕಿತ್ಸೆ ಎಂದು ಆ ಕಾಲದವರು ಹೇಳಲಿಲ್ಲ. ಅವಳ ಷರತ್ತನ್ನು ಒಪ್ಪಿ ಅದಕ್ಕೆ ತಕ್ಕಂತೆ ಕಟ್ಟಡ ಕಟ್ಟಿದರು. ಪರದೆ ಪದ್ಧತಿಯ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ವಿವೇಕವನ್ನು ಮೆಚ್ಚಲೇಬೇಕು. ಇಂದು ಅಲ್ಲಿ ಎಲ್ಲ ಜಾತಿ ಧರ್ಮಗಳ ಹೆಂಗಸರೂ ಹೆರುತ್ತಾರೆ. ಅಂದಿನ ಹೆಣ್ಣನ್ನು ತಡೆದದ್ದು ಪರದೆ. ಇಂದಿನ ದೊಡ್ಡನೆಕ್ಕುಂದಿಯ ಹೆಣ್ಣನ್ನು ತಡೆದಿರುವುದು ಕಾರ್ಡು, ಭಾಷೆ, ದಿನಗೂಲಿ, ನಾಚಿಕೆ. ಇವಕ್ಕೆ ತಕ್ಕಂತೆ ನಾವು ಏನನ್ನು ಕಟ್ಟಿದ್ದೇವೆ?

ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಪ್ರತಿ ಕ್ಲಿನಿಕ್ಕಿನ ಗೋಡೆಯ ಮೇಲೆ, ಗಂಡನ ಸಹಿ ಬೇಕಿಲ್ಲ, ಕಾರ್ಡಿಲ್ಲದಿದ್ದರೂ ನೋಡುತ್ತೇವೆ ಎಂದು ಕನ್ನಡ, ಉರ್ದು, ಹಿಂದಿ, ಬಂಗಾಳಿ, ಒಡಿಯಾ, ತಮಿಳು, ತೆಲುಗಿನಲ್ಲಿ ಬರೆಸಬಹುದು. ವಾರದಲ್ಲಿ ಒಂದು ದಿನ, ಕೂಲಿ ಮುಗಿದ ಮೇಲೆ, ಮಹಿಳಾ ವೈದ್ಯರೊಬ್ಬರು ಕೂರುವಂತೆ ಮಾಡಬಹುದು. ಶೆಡ್ಡಿನ ಹೆಂಗಸರಲ್ಲೇ ಎರಡು ಭಾಷೆ ಬಲ್ಲ ಒಬ್ಬಳಿಗೆ ಗೌರವಧನ ಕೊಟ್ಟು ದುಭಾಷಿಯನ್ನಾಗಿ ನೇಮಿಸಬಹುದು. ಆಗ ಮಗನೂ ಮೇಸ್ತ್ರಿಯೂ ಹೊರಗೆ ನಿಲ್ಲುತ್ತಾರೆ. ತಾಯಿ ಕಾರ್ಡು ಇಲ್ಲದೆ ಬಂದವಳಿಗೆ ಮೊದಲು ಮಂಚ ಕೊಟ್ಟು, ಕಾರ್ಡನ್ನು ಅವಳು ಮಲಗಿದಲ್ಲಿಗೇ ತಂದು ಬರೆಯಬಹುದು. ಯಾವುದಕ್ಕೂ ಹೊಸ ಕಾಯ್ದೆ ಬೇಡ.

ನಮ್ಮ ಜಮಾಅತ್‌ಗಳ ಪಾಲಿನ ಕೆಲಸವೂ ಇದೆ. ಪೋಲಿಯೊ ಹನಿಯ ಬಗ್ಗೆ ಅನುಮಾನ ಹಬ್ಬಿದ್ದ ಕಾಲದಲ್ಲಿ ಇಮಾಮರು ಮಸೀದಿಯ ಮೈಕಿನಲ್ಲಿ ಕರೆ ಕೊಟ್ಟು ಮಕ್ಕಳನ್ನು ಹೊರಗೆ ಕರೆಸಿದ್ದನ್ನು ದೇಶ ಕಂಡಿದೆ. ನಿಕಾಹ್‌ಗೆ ಹೆಸರು ಬರೆಸಲು ಬರುವ ಹುಡುಗನಿಗೆ ಮಹರ್‌ನ ಲೆಕ್ಕ ಹೇಳುವ ಕಮಿಟಿ, ಹೆರಿಗೆಗಳ ನಡುವೆ ಅಂತರವಿರಬೇಕು, ಅದು ನಿನ್ನ ಹೊಣೆಯೂ ಹೌದು ಎಂದು ಹೇಳುವುದರಲ್ಲಿ ನಾಚಿಕೆ ಏನಿದೆ? ಶೆಡ್ಡಿನಿಂದ ಜುಮಾಕ್ಕೆ ಬರುವ ಬಂಗಾಳದ ಕೂಲಿಯ ಪಕ್ಕ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಅವನ ಹೆಂಡತಿಗೆ ಎಷ್ಟನೆಯ ತಿಂಗಳು, ಅವಳನ್ನು ಯಾರಾದರೂ ಆಸ್ಪತ್ರೆಗೆ ಕರೆದೊಯ್ದಿದ್ದಾರೆಯೇ ಎಂದು ನಮ್ಮ ಮನೆಯ ಹೆಂಗಸರ ಮೂಲಕವಾದರೂ ವಿಚಾರಿಸುವುದು ನಮ್ಮಿಂದ ಆಗದ ಕೆಲಸವಲ್ಲ. ಅವಳನ್ನು ಕರೆದುಕೊಂಡು ಹೋದವರು ಕಿಟಕಿಯ ಬಳಿ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು: ಕಾರ್ಡು ಆಮೇಲೆ ನೋಡೋಣ, ಮೊದಲು ಇವಳನ್ನು ನೋಡಿ.